ಆ ರಾತ್ರಿ ಮನೆ ಬಿಟ್ಟು ಹೋಗದವರಿಗೆ

ಬೀಗ ಬಿದ್ದಿದ್ದ ನಮ್ಮ ತರವಾಡು ಮನೆಯನ್ನು, ಅಂದರೆ ಕುಟುಂಬದ ಮೂಲಮನೆಯನ್ನು, ಮೂರು ವರ್ಷ ದುರಸ್ತಿ ಮಾಡಿ ಎಲ್ಲರಿಗೂ ತೆರೆದಿದ್ದೇವೆ. ಕಳೆದ ಶನಿವಾರ ಅದರ ಅಂಗಳಕ್ಕೆ ಮೊದಲ ಸಲ ಶಾಲೆ ಮಕ್ಕಳು ಬಂದರು. 41 ಮಕ್ಕಳು, ಇಬ್ಬರು ಟೀಚರ್. ಚಪ್ಪಲಿಗಳನ್ನು ಅಂಗಳದ ಬದಿಯಲ್ಲಿ ಸಾಲಾಗಿ ಬಿಟ್ಟು ಜಗಲಿ ಹತ್ತಿದರು. ಒಬ್ಬಳು ಪುಟ್ಟ ಹುಡುಗಿ ಕಂಬವನ್ನು ತಬ್ಬಿ ಹಿಡಿದು ನೋಡಿದಳು, ಕೈ ಸುತ್ತಲಿಲ್ಲ, ಪಕ್ಕದವಳನ್ನು ಕರೆದಳು, ಇಬ್ಬರೂ ಸೇರಿ ಹಿಡಿದರು. ಅದನ್ನು ನೋಡಿದಾಗಿನಿಂದ ಇದನ್ನು ಬರೆಯಬೇಕು ಅಂತ ಕೂತಿದ್ದೇನೆ.

ಮನೆಗೆ ಯಾಕೆ ಬೀಗ ಬಿದ್ದಿತ್ತು, ಪಾಲಿನ ವಿಷಯ ಹೇಗೆ ಮುಗಿಯಿತು, ಅದೆಲ್ಲ ಕುಟುಂಬದವರಿಗೆ ಗೊತ್ತಿರುವುದೇ. ಮತ್ತೆ ಬೇಡ. ಇವತ್ತು ಥ್ಯಾಂಕ್ಸ್ ಮಾತ್ರ.

ದುಡ್ಡು ಹಾಕಿದ ಕುಟುಂಬದ ಎಲ್ಲರಿಗೂ, ಬೆಂಗಳೂರು, ಮಸ್ಕತ್, ಮೈಸೂರಿನಿಂದ ರಜೆ ಹಾಕಿ ಬಂದು ಹಂಚು ತೊಳೆದ ಅಣ್ಣಂದಿರು ಅತ್ತಿಗೆಯಂದಿರಿಗೂ, ಮುರಕಲ್ಲು (ಕೆಂಪುಕಲ್ಲು) ತಂದುಕೊಟ್ಟು ಬಾಡಿಗೆ ಬೇಡ ಅಂದ ಪಿಕಪ್ಪಿನ ಹುಡುಗನಿಗೂ, ಮೂರು ವರ್ಷ ಕೆಲಸದವರಿಗೆ ಗಂಜಿ ಬೇಯಿಸಿದ ಚಿಕ್ಕಮ್ಮನಿಗೂ ಕೈ ಮುಗಿಯುತ್ತೇನೆ.

ಆಚಾರ್ರ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಅವರು ಮರದ ಕೆಲಸಕ್ಕೆ ಬಂದವರು. ಮೊದಲ ದಿನ ಒಂದು ಸಣ್ಣ ಸುತ್ತಿಗೆ ಹಿಡಿದು ಹಂಚು ಹೊರುವ ಪ್ರತಿ ಪಕ್ಕಾಸನ್ನೂ ತಟ್ಟಿ ಕಿವಿ ಕೊಟ್ಟು ಕೇಳುತ್ತಾ ಹೋದರು. ಟೊಳ್ಳು ಕೇಳಿದಲ್ಲಿ ಸೀಮೆಸುಣ್ಣದ ಗೆರೆ. ಅದಕ್ಕೂ ಮುಂಚೆ ಬಂದ ಇಬ್ಬರು ಕಂಟ್ರಾಕ್ಟರುಗಳು ಎಲ್ಲ ಬಿಚ್ಚಿ ಹೊಸದು ಹಾಕುವುದೇ ಸುಲಭ ಅಂದಿದ್ದರು. ಇವರು ಗೆದ್ದಲು ತಿಂದ ತುದಿಯನ್ನಷ್ಟೇ ಕೊಯ್ದು, ಅದೇ ಜಾತಿಯ ಮರ ಹುಡುಕಿ ಬೆಸೆದು, ಗೇರೆಣ್ಣೆ ಹಚ್ಚಿ ಕೂರಿಸಿದರು. ಗೋಡೆಗೆ ಹಿಂದೆ ಯಾರೋ ಸಿಮೆಂಟು ಬಳಿದಿದ್ದರಲ್ಲ, ಅದನ್ನು ಕೆರೆದು ತೆಗೆಸಿದ್ದೂ ಇವರೇ. ಮಣ್ಣಿನ ಗೋಡೆಯ ಪಸೆ ಹೊರಗೆ ಹೋಗಲು ಸಿಮೆಂಟು ಬಿಡುವುದಿಲ್ಲ, ಗೋಡೆ ಒಳಗಿಂದಲೇ ಕುಸಿಯುತ್ತದೆ, ಸುಣ್ಣವೇ ಆಗಬೇಕು ಅಂತ ಹಟ ಹಿಡಿದರು.

2022ರ ಜೂನ್ ಕೊನೆಯಲ್ಲಿ ಕೊಡಗು, ದಕ್ಷಿಣ ಕನ್ನಡದ ಗಡಿಯ ಚೆಂಬು, ಸಂಪಾಜೆ ಸುತ್ತ ಭೂಮಿ ನಡುಗಿದ್ದು ನೆನಪಿದೆ ಅಲ್ವಾ? ನೆಲದ ಒಳಗೇ ಗುಡುಗಿದ ಹಾಗೆ ಸದ್ದು. ಚಾವಡಿಯ ಗೋಡೆಯಲ್ಲಿ ಬಿರುಕು ಬಂತು. ಆಗ ಮಾಡಿನ ಅರ್ಧ ಹಂಚು ಇಳಿಸಿ ಟರ್ಪಾಲು ಕಟ್ಟಿದ್ದೆವು. ಆಮೇಲೆ ಆಗಸ್ಟಿನ ಮಳೆ. ಸಂಪಾಜೆ ಹತ್ತಿರದ ಕಲ್ಲುಗುಂಡಿ ಪೇಟೆಗೆ ಹೊಳೆ ನುಗ್ಗಿದೆ ಅಂತ ಸುದ್ದಿ ಬಂತು, ಅಲ್ಲಿಗೆ ಫೋನೂ ಸತ್ತಿತು. ಕೆಲಸದವರನ್ನು ಮಧ್ಯಾಹ್ನವೇ ಕಳಿಸಿದ್ದೆವು. ಆಚಾರ್ರೂ ಹೋದರು. ತೋಡು (ಹಳ್ಳ) ಏರುವ ಮೊದಲು ಹೆಂಡತಿ, ಸೊಸೆ, ಮೊಮ್ಮಗುವನ್ನು ಗುಡ್ಡದ ಮೇಲಿನ ನೆಂಟರ ಮನೆಗೆ ದಾಟಿಸಿದರು. ದಾಟಿಸಿ, ವಾಪಸ್ ಬಂದರು.

ಯಾಕೆ ಬಂದಿರಿ ಅಂತ ನಾನು ಕೇಳಲೂ ಇಲ್ಲ. ಅಷ್ಟು ಹೆದರಿದ್ದೆ.

ರಾತ್ರಿ ಹತ್ತರ ಹೊತ್ತಿಗೆ ಮನೆಯ ಹಿಂದಿನ ಮಣ್ಣಿನ ಬರೆ ಜರಿಯಲು ಶುರುವಾಯಿತು. ಮೊದಲು ಸಣ್ಣ ಕಲ್ಲು ಉದುರುವ ಸದ್ದು, ಆಮೇಲೆ ಒಂದು ಮರ ಮುರಿದ ಸದ್ದು. ಅಡುಗೆಮನೆಯ ಗೋಡೆಗೆ ಮಣ್ಣು ಬಂದು ಒರಗಿತು. "ಅಕ್ಕ, ಮುಚ್ಚಿಗೆಗೆ ಭಾರ ಜಾಸ್ತಿ ಆಗ್ತಿದೆ, ಆಧಾರ ಕೊಡುವ" ಅಂದರು. ಮುಚ್ಚಿಗೆ ಅಂದರೆ ಮಾಡಿನ ಕೆಳಗಿನ ಮರದ ಹಲಗೆಯ ಚಾವಣಿ. ಅಂಗಳದಲ್ಲಿ ಬಿದ್ದಿದ್ದ ಕಂಗಿನ (ಅಡಿಕೆ) ಮರಗಳನ್ನು ನಾನು ಒಂದು ತುದಿ, ಅವರು ಒಂದು ತುದಿ ಹಿಡಿದು ಒಳಗೆ ತಂದೆವು. ಒಂಬತ್ತು ಮರ. ಒಂದೊಂದನ್ನೂ ಮುಚ್ಚಿಗೆಯ ಅಡಿಗೆ ಕೊಟ್ಟು, ಬುಡಕ್ಕೆ ಹಲಗೆ ಇಟ್ಟು, ಬೆಣೆ ಹೊಡೆದರು. ಆಮೇಲೆ ಹಾರೆ ಹಿಡಿದು ಮಳೆಗೆ ಇಳಿದರು. ಮನೆಯ ಹಿಂದೆ ನೀರು ಹೋಗಲು ಕಣಿ ಬಿಡಿಸಿದರು, ಮುಚ್ಚಿಹೋಯಿತು, ಮತ್ತೆ ಬಿಡಿಸಿದರು. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ನನ್ನ ಕೆಲಸ ಟಾರ್ಚು ಹಿಡಿಯುವುದು, ಬ್ಯಾಟರಿ ಹೋದ ಮೇಲೆ ಸುಮ್ನೆ ಅವರ ಹೆಸರು ಕರೆಯುವುದು. ಅವರು "ಹೋ" ಅಂದರೆ ಜೀವ ಬರುತ್ತಿತ್ತು. 66 ವರ್ಷದ ಮನುಷ್ಯ.

ಬೆಳಗಾಯಿತು. ಮನೆ ನಿಂತಿತ್ತು. ನಾನು ಮನೆಯನ್ನು ಸರಿಯಾಗಿ ನೋಡಲೂ ಇಲ್ಲ, ದೂಪೆಗಳ ಕಡೆ ಓಡಿದೆ.

ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ತೀರಿಹೋದವರನ್ನು ಸುಟ್ಟ ಜಾಗದಲ್ಲೇ ಬೂದಿಯ ಮೇಲೆ ಮಣ್ಣು ಏರಿಸಿ ದಿಬ್ಬ ಮಾಡುತ್ತಾರೆ. ಅದೇ ದೂಪೆ. ನಮ್ಮ ಕುಟುಂಬದ ಹಳೆಯ ದೂಪೆಗಳಿಗೆ ಸುತ್ತ ಮುರಕಲ್ಲು ಇಟ್ಟಿದ್ದಾರೆ, ಆಗ ಹೆಸರು ಬರೆದಿರಲಿಲ್ಲ. ಸಕಲೇಶಪುರ ಕಡೆಯ ಐಗೂರು ಸೀಮೆಯಿಂದ ಘಟ್ಟ ಇಳಿದು ಬಂದು ಇಲ್ಲಿ ಕಾಡು ಕಡಿದು ಗದ್ದೆ ಮಾಡಿದರು ಅಂತ ಹಿರಿಯರು ಹೇಳುವ ಆ ಮೊದಲಿನವರ ದೂಪೆಯೂ ಅಲ್ಲೇ, ರೆಂಜೆ ಮರದ ಕೆಳಗೆ. ಅಪ್ಪನದ್ದು ಕೊನೆಯ ಸಾಲಿನಲ್ಲಿ. ಅಪ್ಪ ಹೋಗಿ ಆಗ ಒಂದು ವರ್ಷವೂ ಆಗಿರಲಿಲ್ಲ.

ಮೇಲಿನ ಸಾಲಿನ ಮೂರು ದೂಪೆ ಮಣ್ಣಿನಡಿ ಹೋಗಿದ್ದವು. ಅಪ್ಪನದ್ದು ಉಳಿದಿತ್ತು, ಮೇಲಿನ ತುಳಸಿ ಕೂಡ. ಸದ್ಯ ಅನ್ನಿಸಿತು. ಮರುಕ್ಷಣ, ಆ ಮೂರೂ ಯಾರದ್ದೋ ಅಪ್ಪನ, ಯಾರದ್ದೋ ಅವ್ವನ ದೂಪೆ, ಅವರ ಮಕ್ಕಳು ಯಾರೂ ಈಗ ಓಡಿ ಬರಲು ಇಲ್ಲ ಅಂತ ಹೊಳೆಯಿತು. ಕೆಸರಿನಲ್ಲಿ ಕೂತು ಬಿಟ್ಟೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಎದ್ದು ನೋಡಿದರೆ ಆಚಾರ್ರು ಹಾರೆ ಬಿಟ್ಟು ಕೈಯಲ್ಲೇ ಮಣ್ಣು ಸರಿಸುತ್ತಿದ್ದರು. "ಹಾರೆ ತಾಗಬಾರದು" ಅಂದರು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಒಂದು ಮುರಕಲ್ಲಿನ ಮೂಲೆ ಕಂಡಿತು.

ಮೂರೂ ಸಿಕ್ಕಿದವು. ಅದಕ್ಕೆ ಅವರು ಕೂಲಿ ತೆಗೆದುಕೊಳ್ಳಲಿಲ್ಲ. ಆಚಾರ್ರೆ, ನೀವು ಇದನ್ನು ಓದುವುದಿಲ್ಲ, ನಿಮ್ಮ ಸೊಸೆ ಓದಿ ಹೇಳುತ್ತಾಳೆ. ಆ ರಾತ್ರಿ ನಿಮ್ಮನ್ನು ಇಲ್ಲಿಗೆ ಕಳಿಸಿಕೊಟ್ಟ ನಿಮ್ಮ ಹೆಂಡತಿಗೆ ನನ್ನ ದೊಡ್ಡ ನಮಸ್ಕಾರ ಹೇಳಿ.

ಚಿಕ್ಕಪ್ಪನಿಗೂ ಹೇಳಬೇಕು. ಮನೆ ತೋರಿಸಬಹುದು, ದೂಪೆ ಹತ್ತಿರ ಊರವರು ಯಾಕೆ ಅಂತ ಅವರಿಗೆ ಇತ್ತು. ತಪ್ಪಲ್ಲ ಅದು. ನಾನೋ ಬೇರೆ ಮನೆಗೆ ಕೊಟ್ಟ ಹುಡುಗಿ. ಆದರೂ ಕೂರಿಸಿ ಕೇಳಿದರು, ಒಪ್ಪಿದರು, ಹಿರಿಯರಿಗೆ ಅಗೆಲು (ಎಡೆ) ಬಡಿಸುವ ದಿನ ಮಾತ್ರ ಯಾರನ್ನೂ ಬಿಡಬಾರದು ಅಂದರು. ಬಿಡುವುದಿಲ್ಲ. ಈಗ ದೂಪೆಗಳ ಮುಂದೆ ಇರುವ ಹೆಸರುಗಳನ್ನು ಹೇಳಿ ಬರೆಸಿದ್ದು 88 ವರ್ಷದ ಅತ್ತೆ. ಗಂಡಸರ ಹೆಸರು ಬೇಗ ಸಿಕ್ಕಿತು. ಹೆಂಗಸರದ್ದು ಅತ್ತೆಗೂ ದೊಡ್ಡವ್ವ, ಅಜ್ಜಿ ಅಂತಲೇ ನೆನಪು. ಐದು ದೂಪೆಗಳ ಮುಂದೆ ಹಾಗೇ ಬರೆದಿದ್ದೇವೆ, "ದೊಡ್ಡವ್ವ" ಅಂತ. ಅದು ನನಗೆ ಇನ್ನೂ ನೋಯುತ್ತದೆ.

ಶನಿವಾರ ಪಾಠ ಮಾಡಿದ ಟೀಚರಿಗೆ ತುಂಬಾ ಥ್ಯಾಂಕ್ಸ್. ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ, ಪತ್ತಾಯದ ಮುಚ್ಚಳ ಎತ್ತಿಸಿ ಅದರೊಳಗೆ ಒಬ್ಬ ಹುಡುಗನನ್ನು ನಿಲ್ಲಿಸಿದರು. ಮೂರು ಕಳಸೆಗೆ ಒಂದು ಮುಡಿ, ಮುಡಿಗೆ 42 ಸೇರು ಅಂತ ಹಳೆಯ ಅಳತೆಯ ಲೆಕ್ಕ ಹೇಳಿ, ಭತ್ತದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಕಂಪೆನಿ ಸರಕಾರ ದುಡ್ಡಿನಲ್ಲೇ ಕೊಡಿ ಅಂದಾಗ ಇಂಥ ಮನೆಗಳಲ್ಲಿ ಏನಾಗಿರಬಹುದು ಅಂತ ಕೇಳಿದರು. ಅಲ್ಲಿಂದ 1837ಕ್ಕೆ ಬಂದರು. ಕೆದಂಬಾಡಿ ರಾಮಯ್ಯ ಗೌಡರ ಜೊತೆ ಸುಳ್ಯದ ರೈತರು ಕಂಪೆನಿ ವಿರುದ್ಧ ಹೊರಟದ್ದು, ಏಪ್ರಿಲ್ 5ಕ್ಕೆ ಮಂಗಳೂರು ಹಿಡಿದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದ್ದು, 13 ದಿನ ಆಳಿದ್ದು. ಪತ್ತಾಯದೊಳಗಿನ ಹುಡುಗ ಹೊರಗೆ ಬರುವುದನ್ನೇ ಮರೆತು ಕೇಳುತ್ತಿದ್ದ. ಇನ್ನೊಬ್ಬ ಹಂಚಿನ ಮೇಲೆ 1865 ಅಂತ ಓದಿ ಹಂಚಿನ ವಯಸ್ಸು ಲೆಕ್ಕ ಹಾಕಿದ. ಅದು ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅಂತ ಹೇಳಿಕೊಟ್ಟೆವು.

ಇನ್ನು ಮೇಲೆ ತಿಂಗಳ ಎರಡನೇ ಶನಿವಾರ ಮನೆ ತೆರೆದಿರುತ್ತದೆ. ದುಡ್ಡು ಏನೂ ಇಲ್ಲ. ಮಳೆಗಾಲದಲ್ಲಿ ಬರುವವರು ಮೊದಲೇ ತಿಳಿಸಿ, ತೋಡು ದಾಟಿಸಲು ಯಾರಾದರೂ ಬರುತ್ತೇವೆ. ಅಡುಗೆಮನೆಯಲ್ಲಿ ಒಂದು ಕಂಗಿನ ಮರ ಇನ್ನೂ ಮುಚ್ಚಿಗೆಯ ಅಡಿಯಲ್ಲೇ ಇದೆ. ಈಗ ಅದರ ಆಧಾರ ಬೇಕಿಲ್ಲ. ತೆಗೆಯಬೇಡಿ ಅಂತ ನಾನೇ ಹೇಳಿದ್ದೇನೆ.