ಕೊನೆಯ ಸೋಲುಗಳ ಲೆಕ್ಕ

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪ್ಲೇಆಫ್ (ಸೋತವರು ಹೊರಬೀಳುವ ನಾಕೌಟ್ ಹಂತ) ಹತ್ತಿರ ಬಂತು ಅಂದರೆ ನಮ್ಮ ಗೆಳೆಯರಲ್ಲಿ ಒಂದೇ ಜಗಳ. ಲೀಗ್ ಹಂತದ ಕೊನೆಯ ಪಂದ್ಯಗಳಲ್ಲಿ ಸೋತ ತಂಡದ ಕಥೆ ಮುಗಿದ ಹಾಗೇನಾ? ಮುಗೀತು ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ.

2009ರ ನ್ಯೂ ಆರ್ಲಿಯನ್ಸ್ ಸೇಂಟ್ಸ್ ನೋಡಿ. ಮೊದಲ 13 ಪಂದ್ಯ ಗೆದ್ದು, ಕೊನೆಯ ಮೂರನ್ನೂ ಸೋತರು. ಆದರೆ ಕೊನೆಯದರಲ್ಲಿ ಅವರ ಮುಖ್ಯ ಆಟಗಾರ, ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಆಡಲೇ ಇಲ್ಲ. ಮೊದಲ ಸ್ಥಾನ ಆಗಲೇ ಖಚಿತವಾಗಿತ್ತಲ್ಲ, ಸುಮ್ನೆ ಯಾಕೆ ಆಡಿಸಬೇಕು? ಆ ಸೀಸನ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿದ್ದು ಅವರೇ.

ನನಗೆ ಇನ್ನೂ ಇಷ್ಟ 2007ರ ಸೀಸನ್‌ನ ನ್ಯೂಯಾರ್ಕ್ ಜೈಂಟ್ಸ್. ಕೊನೆಯ ಲೀಗ್ ಪಂದ್ಯದಿಂದ ಅವರಿಗೆ ಸಿಗುವುದೇನೂ ಇರಲಿಲ್ಲ. ಮುಖ್ಯ ಆಟಗಾರರನ್ನು ಹೊರಗೆ ಕೂರಿಸಬಹುದಿತ್ತು. ಕೋಚ್ ಟಾಮ್ ಕಾಫ್ಲಿನ್ ಕೂರಿಸಲಿಲ್ಲ. ಅಲ್ಲಿಯವರೆಗೆ ಒಂದೂ ಸೋಲದ ಪೇಟ್ರಿಯಟ್ಸ್‌ಗೆ ಕೊನೆತನಕ ಸೆಣಸಿ 38-35ರಲ್ಲಿ ಸೋತರು. ಮುಂದೆ ಫೈನಲ್‌ನಲ್ಲಿ ಅದೇ ಪೇಟ್ರಿಯಟ್ಸನ್ನು 17-14ರಲ್ಲಿ ಮಣಿಸಿದರು!

ಹಾಗಂತ ಎಲ್ಲ ಸೋಲೂ ಒಂದೇ ಅಲ್ಲ. 2023ರಲ್ಲಿ ಹತ್ತು ಗೆದ್ದು ಒಂದೇ ಸೋತಿದ್ದ ಫಿಲಡೆಲ್ಫಿಯಾ ಈಗಲ್ಸ್ ಕೊನೆಯ ಆರರಲ್ಲಿ ಐದು ಸೋತಿತು. ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಆಟ) ನಡೆಸುವ ಕೋಚನ್ನೇ ಡಿಸೆಂಬರ್‌ನಲ್ಲಿ ಬದಲಿಸಿದ್ದರು. ಅದು ನಿಜವಾದ ಕಾಯಿಲೆ. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ 32-9ರಲ್ಲಿ ಸೋತು ಹೊರಬಿದ್ದರು.

ಪತ್ರಿಕೆಗೆ ಒಂದು ವಿನಂತಿ. ಈ ಹೊತ್ತಿನಲ್ಲಿ ಬರೀ ಸ್ಕೋರ್ ಹಾಕಬೇಡಿ. ಯಾರಿಗೆ ಗಾಯವಾಗಿತ್ತು, ಯಾರಿಗೆ ವಿಶ್ರಾಂತಿ ಕೊಟ್ಟಿದ್ದರು ಅಂತ ಒಂದೆರಡು ಸಾಲು ಸೇರಿಸಿ.

– ಒಬ್ಬ ಓದುಗ