ಗೇರ್‌ಬಾಕ್ಸ್ ಬಿಚ್ಚುವ ಮೊದಲು ಆಯಿಲ್ ನೋಡಿ

ಮಾನ್ಯ ಸಂಪಾದಕರೇ,

ಹೈಲಕ್ಸ್, ವಿ-ಕ್ರಾಸ್‌ನಂಥ ಆಟೊಮ್ಯಾಟಿಕ್ ಪಿಕಪ್‌ಗಳು ಈಗ ಮಲೆನಾಡಿನ ತೋಟಗಳಿಗೂ ಬಂದಿವೆ. ಏರಿನಲ್ಲಿ ಗಾಡಿ ಎಳೆಯದಿದ್ದರೆ ಸಾಕು, ‘ಗೇರ್‌ಬಾಕ್ಸ್ ಹೋಯ್ತು, ಪೂರ್ತಿ ಬದಲಿಸಬೇಕು’ ಎಂದು ಗ್ಯಾರೇಜಿನವರು ಹೇಳಿಬಿಡುತ್ತಾರೆ. ಲಕ್ಷಗಳ ಬಾಬ್ತು ಅದು. ಒಪ್ಪುವ ಮೊದಲು ಒಂದು ಮಾತು ಕೇಳಿ: ಆಯಿಲ್ ಮಟ್ಟ ನೋಡಿದಿರಾ, ಎಷ್ಟು ಬಿಸಿ ಇದ್ದಾಗ ನೋಡಿದಿರಿ?

ಅದಕ್ಕೂ ಮುಂಚೆ, ಜಾರುತ್ತಿರುವುದು ಗೇರ್‌ಬಾಕ್ಸೇ ಹೌದೇ ಎಂಬುದು ತಿಳಿಯಬೇಕು. ರೇಸ್ ಕೊಟ್ಟಾಗ ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿ, ಸ್ಪೀಡು ಇದ್ದಲ್ಲೇ ಇದ್ದರೆ ಅದು ಸ್ಲಿಪ್. ಮುಳ್ಳೂ ಏರದೆ ಸ್ಪೀಡೂ ಏರದೆ ಗಾಡಿ ತಿಣುಕುತ್ತಿದ್ದರೆ ಟರ್ಬೊ ಪೈಪು, ಡೀಸೆಲ್ ಫಿಲ್ಟರ್ ಕಡೆ ನೋಡಬೇಕು. ಒಂದೇ ವೇಗದಲ್ಲಿ ಹೋಗುವಾಗ ಸಣ್ಣ ಏರು ಬಂದೊಡನೆ ಮುಳ್ಳು ಇನ್ನೂರು ಮುನ್ನೂರು ಮೇಲೆದ್ದು ಅಲ್ಲೇ ನಿಂತರೂ ಗಾಬರಿ ಬೇಡ. ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್ (ಎರಡನ್ನೂ ನೇರವಾಗಿ ಬೆಸೆಯುವ ಕ್ಲಚ್) ಬಿಟ್ಟುಕೊಂಡರೆ ಹಾಗಾಗುತ್ತದೆ. ಬ್ರೇಕನ್ನು ಸ್ವಲ್ಪ ಮುಟ್ಟಿದರೂ ಹಾಗೇ.

ಇನ್ನು ಆಯಿಲ್. ಈಗಿನ ಬಹುತೇಕ ಗೇರ್‌ಬಾಕ್ಸ್‌ಗಳಿಗೆ ಆಯಿಲ್ ಅಳೆಯುವ ಕಡ್ಡಿಯೇ (ಡಿಪ್‌ಸ್ಟಿಕ್) ಇಲ್ಲ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಬ್ರೇಕ್ ತುಳಿದುಕೊಂಡೇ ಲಿವರನ್ನು ಪಿ ಇಂದ ಡಿ ತನಕ ಒಂದೊಂದರಲ್ಲೂ ನಾಲ್ಕೈದು ಸೆಕೆಂಡ್ ನಿಲ್ಲಿಸಿ ವಾಪಸ್ ತರಬೇಕು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಆಯಿಲ್ ಬಿಸಿ ಸುಮಾರು 40 ಡಿಗ್ರಿ ತೋರಿಸುವಾಗ (ಸರಿಯಾದ ಅಂಕಿ ಆಯಾ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿದೆ) ಮಟ್ಟ ನೋಡುವ ಬೋಲ್ಟ್ ಬಿಚ್ಚಬೇಕು. ಸಣ್ಣಗೆ ತೊಟ್ಟಿಕ್ಕಿದರೆ ಸರಿ. ಏನೂ ಬರದಿದ್ದರೆ ಕಮ್ಮಿ, ಸುರಿದರೆ ಜಾಸ್ತಿ. 80 ಡಿಗ್ರಿಯಲ್ಲಿ ಬಿಚ್ಚಿದರೆ ಹಿಗ್ಗಿದ ಆಯಿಲ್ ಸುಮ್ಮನೆ ಸುರಿದುಹೋಗುತ್ತದೆ. ಆಮೇಲೆ ಅದೇ ಗಾಡಿ ‘ಸರ್ವಿಸ್ ಆದಮೇಲೆ ಜಾರುತ್ತಿದೆ’ ಎಂದು ಮರಳಿ ಬರುತ್ತದೆ!

ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಗೇರ್ ಹಿಡಿದಿಡುವ ಕ್ಲಚ್ ಪ್ಲೇಟುಗಳು ಬಿಗಿಯಾಗಿ ಕಚ್ಚುವುದಿಲ್ಲ. ಘಾಟಿಯ ಏರು, ತಿರುವುಗಳಲ್ಲೇ ಇದು ಮೊದಲು ಕಾಣಿಸುವುದು, ಏಕೆಂದರೆ ಸಂಪಿನಲ್ಲಿದ್ದ (ಗೇರ್‌ಬಾಕ್ಸಿನ ತಳದ ತಟ್ಟೆಯಲ್ಲಿದ್ದ) ಆಯಿಲ್ ಫಿಲ್ಟರಿನ ಬಾಯಿಯಿಂದ ಆಚೆ ಸರಿದಿರುತ್ತದೆ. ಜಾಸ್ತಿಯಾದರೆ ನೊರೆಯೆದ್ದು ಅದೇ ಕಾಟ. ಎಂಜಿನ್ ಆಯಿಲ್‌ನಂತೆ ಇದು ಉರಿದು ಖರ್ಚಾಗುವಂಥದ್ದಲ್ಲ. ಕಮ್ಮಿಯಿದೆ ಎಂದರೆ ಎಲ್ಲೋ ಸೋರಿದೆ: ಆಯಿಲ್ ತಣಿಸುವ ಕೂಲರಿನ ಹೋಸ್, ಸಂಪ್ ಗ್ಯಾಸ್ಕೆಟ್, ಹಿಂದಿನ ಸೀಲು.

ಬಣ್ಣ, ವಾಸನೆಯನ್ನೂ ಬಿಡಬೇಡಿ. ಬಿಳಿ ಬಟ್ಟೆಯ ಮೇಲೆ ಎರಡು ಹನಿ ಹಾಕಿ. ಕೆಂಪು ಮಾಸಿ ಕಂದಾದರೆ ಹಳತಾಗಿದೆ, ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಬೆಂದಿದೆ. ತೆಳು ಗುಲಾಬಿ, ಹಾಲು ಬೆರೆಸಿದಂತಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲಂಟ್ ಸೇರಿರುವ ಸಾಧ್ಯತೆ ಹೆಚ್ಚು. ಆಗ ಗಾಡಿ ಓಡಿಸಲೇಬಾರದು. ಪ್ಲೇಟಿನ ಲೈನಿಂಗ್ ಅಂಟು ಬಿಟ್ಟು ಸುಲಿಯುತ್ತದೆ. ಸಂಪಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಸಹಜ, ಬೆರಳಿಗೆ ಚುಚ್ಚುವ ಚೂರು ಸಹಜವಲ್ಲ.

ಕಂಪನಿ ಹೇಳಿದ ಆಯಿಲೇ ಆಗಬೇಕು. ಕೆಂಪಗಿರುವುದೆಲ್ಲ ಒಂದೇ ಅಲ್ಲ. ಟೊಯೊಟಾದ ಗೇರ್‌ಬಾಕ್ಸ್ ಆಯಿಲ್ ಆದ ಡಬ್ಲ್ಯುಎಸ್ ಕೇಳಿದ ಕಡೆ ಅಂಗಡಿಯ ಪವರ್ ಸ್ಟೀರಿಂಗ್ ಆಯಿಲ್ ಸುರಿದು ಕೈತೊಳೆದುಕೊಂಡರೆ ಒಳ್ಳೆಯ ಪ್ಲೇಟೂ ಜಾರುತ್ತದೆ. ಡ್ರೈನ್ ಬೋಲ್ಟಿನಿಂದ ಅರ್ಧದಷ್ಟೂ ಬರುವುದಿಲ್ಲ, ಉಳಿದದ್ದು ಕನ್ವರ್ಟರ್, ಕೂಲರ್ ಮೊದಲಾದ ಕಡೆ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಆಯಿಲ್ ಸರಿಯಿದ್ದೂ ಜಾರಿದರೆ ಸ್ಕ್ಯಾನರ್ ಹಾಕಿಸಿ. ಪಿ0730 ಎಂಬ ದೋಷದ ಕೋಡ್ ತೋರಿಸಿದರೆ ಗೇರ್ ಅನುಪಾತ ತಪ್ಪಿದೆ, ಪಿ0741 ಎಂದರೆ ಕನ್ವರ್ಟರ್ ಲಾಕ್ ಹಿಡಿಯುತ್ತಿಲ್ಲ. ಎಲ್ಲ ಗೇರಿನಲ್ಲೂ ಜಾರಿದರೆ ಪಂಪು, ಫಿಲ್ಟರ್, ಒತ್ತಡದ ಕಡೆ ಅನುಮಾನ. ಗೇಜ್ ಹಾಕಿ ಅಳೆಯಬೇಕು. ಯಾವುದೋ ಒಂದೇ ಗೇರಿನಲ್ಲಾದರೆ ಆ ಗೇರಿನ ಕ್ಲಚ್ ಅಥವಾ ಸೊಲೆನಾಯ್ಡ್ (ಆಯಿಲ್ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್). ಸೊಲೆನಾಯ್ಡ್‌ನದೇ ದೋಷವಾದರೆ ಸಂಪ್ ಇಳಿಸಿದರೆ ಸಾಮಾನ್ಯವಾಗಿ ಕೈಗೆ ಸಿಗುತ್ತದೆ, ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಬ್ರೇಕ್ ತುಳಿದು ಪೂರ್ತಿ ರೇಸ್ ಕೊಡುವ ಸ್ಟಾಲ್ ಟೆಸ್ಟ್ ಮಾಡುವವರು 5 ಸೆಕೆಂಡ್ ಮೀರಬಾರದು, ಮುಂದೆ ಯಾರೂ ನಿಂತಿರಬಾರದು. ಪ್ಲೇಟು ಮೊದಲೇ ಬೆಂದಿದ್ದರೆ ಆ ಪರೀಕ್ಷೆಯೇ ಅದನ್ನು ಮುಗಿಸುತ್ತದೆ.

ಕೊನೆಗೆ, ಕೆಟ್ಟು ನಿಂತ ಗಾಡಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಿದ್ದರೆ ಪಂಪೂ ತಿರುಗದು, ಚಕ್ರದ ಜತೆ ತಿರುಗುವ ಭಾಗಗಳಿಗೆ ಆಯಿಲ್ ಸಿಗದು. ನಾಲ್ಕೂ ಚಕ್ರ ಮೇಲಿರುವಂತೆ ಫ್ಲ್ಯಾಟ್‌ಬೆಡ್ ಲಾರಿಯಲ್ಲೇ ಸಾಗಿಸಿ.

– ಗೇರ್‌ಬಾಕ್ಸ್ ಮೆಕ್ಯಾನಿಕ್, ಚಿಕ್ಕಮಗಳೂರು