ನಾಲ್ಕನೇ ಕ್ಲಾಸಿನ ಪೋಷಕರಿಗೆ: ಸಾಸಿವೆ ಕಳಿಸಿ

ಎಲ್ಲರಿಗೂ ನಮಸ್ಕಾರ. ಸೋಮವಾರ ವಿಜ್ಞಾನದಲ್ಲಿ ಬೀಜ ಮೊಳೆಯುವ ಪಾಠ. ಮಗುವಿನ ಕೈಯಲ್ಲಿ ಒಂದು ಚಮಚ ಸಾಸಿವೆ, ಸ್ವಲ್ಪ ಹತ್ತಿ, ಎರಡು ಹಳೆ ಮುಚ್ಚಳ ಕಳಿಸಿ. ಒಗ್ಗರಣೆ ಡಬ್ಬಿಯ ಸಾಸಿವೆಯೇ ಸಾಕು, ಹುರಿದದ್ದು ಮಾತ್ರ ಬೇಡ! ಒಂದಕ್ಕೆ ನೀರು ಹಾಕುತ್ತೇವೆ, ಇನ್ನೊಂದಕ್ಕೆ ಇಲ್ಲ. ಮೂರ್ನಾಲ್ಕು ದಿನ ಮಕ್ಕಳೇ ನೋಡಿ ಬರೆಯಬೇಕು. ದಯವಿಟ್ಟು ನೀವು ಬರೆದುಕೊಡಬೇಡಿ.

ಗುರುವಾರ ಬೈಬಲ್ ಪಿರಿಯಡ್‌ನಲ್ಲಿ ಮತ್ತಾಯ 13:31-32, ಯೇಸು ಹೇಳಿದ ಸಾಸಿವೆ ಕಾಳಿನ ಕಥೆ. ಬಟಾಣಿ ಗಿಡ ಬೆಳೆಸಿ ಅನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್ ಕೂಡ ಮಠದ ಸನ್ಯಾಸಿ ಅಲ್ವಾ, ಅವರ ಬಗ್ಗೆಯೂ ಹೇಳುತ್ತೇನೆ. ಮೊಳಕೆ ಬರದಿದ್ದರೆ ಪ್ರಾರ್ಥನೆ ಸಾಲಲಿಲ್ಲ ಅಂತ ಮಕ್ಕಳಿಗೆ ಹೇಳಬೇಡಿ. ನೀರು ಸಾಲದೆ ಹೋಗಿರುತ್ತದೆ, ಅಷ್ಟೇ.

ಬೈಬಲ್ ಪಿರಿಯಡ್ ಕಡ್ಡಾಯವಲ್ಲ. ಬೇಡ ಅನ್ನುವವರು ಭಾನುವಾರದೊಳಗೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಆ ಮಕ್ಕಳನ್ನು ಲೈಬ್ರರಿಯಲ್ಲಿ ಕೂರಿಸುತ್ತೇವೆ.